ವಿಮಾನದ ದಾರಿಯಲ್ಲೊಂದು ಮನೆ

ನಮ್ಮ ಮನೆಗೆ ಬರುವ ನೆಂಟರು ಚಪ್ಪಲಿ ಬಿಡುವ ಮೊದಲು ಒಮ್ಮೆ ಕತ್ತೆತ್ತಿ ಆಕಾಶ ನೋಡುವುದನ್ನು ಯಾವಾಗ ಕಲಿತರೋ ನಾನು ಹೇಳಲಾರೆ. ಮೊದಮೊದಲು ಮೋಡ ನೋಡುತ್ತಿದ್ದಾರೆ ಎಂದೇ ತಿಳಿದಿದ್ದೆ. ನಮ್ಮ ಕಡೆಯ ಮನುಷ್ಯ ಮಳೆಗಲ್ಲದೆ ಬೇರಾವ ಕಾರಣಕ್ಕೂ ಸುಲಭವಾಗಿ ತಲೆ ಎತ್ತುವವನಲ್ಲ. ಆಮೇಲೆ ತಿಳಿಯಿತು, ಅವರು ನೋಡುತ್ತಿದ್ದುದು ಇನ್ನೂ ಬಾರದ ವಿಮಾನವನ್ನು. ದೇವನಹಳ್ಳಿಯ ಪಕ್ಕದಲ್ಲಿ ಭಾರಿ ವಿಮಾನ ನಿಲ್ದಾಣವೊಂದು ಬರುತ್ತದಂತೆ ಎಂಬ ವಾರ್ತೆ ತೊಂಬತ್ತರ ದಶಕದ ಆರಂಭದಲ್ಲಿ ಎಲ್ಲಿಂದಲೋ ಹಾರಿಬಂದು ನಮ್ಮ ಊರಿನಲ್ಲಿ ಇಳಿದಿತ್ತು. ಆ ದಶಕದುದ್ದಕ್ಕೂ ನಮ್ಮಲ್ಲಿ ಇಳಿದದ್ದು ಆ ವಾರ್ತೆಯೊಂದೇ. ಆದರೆ ಅದು ಇಳಿದ ರಭಸಕ್ಕೆ ಎದ್ದ ಧೂಳು ನಮ್ಮ ಮನೆಯ ನಡುಮನೆಯವರೆಗೂ ಬಂತು.

ಆಗ ನಾನು ದೇವನಹಳ್ಳಿಯ ಜೂನಿಯರ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಕೋಟೆಯ ಹತ್ತಿರ ಹೆಂಚಿನ ಬಾಡಿಗೆ ಮನೆ. ವರ್ಷಗಟ್ಟಲೆ ನಾನು ಬದುಕಿದ್ದೇನೆಂಬುದನ್ನೇ ಮರೆತಿದ್ದ ಬಂಧುವರ್ಗವೆಲ್ಲ ಇದ್ದಕ್ಕಿದ್ದಂತೆ ನನ್ನ ಕ್ಷೇಮ ವಿಚಾರಿಸಲು ಭಾನುವಾರ ಭಾನುವಾರ ದಯಮಾಡಿಸತೊಡಗಿತು. ಹೊಸಕೋಟೆಯ ಕಡೆ ಅನುಗೊಂಡನಹಳ್ಳಿಯಿಂದ ನನ್ನ ಚಿಕ್ಕಪ್ಪನ ಮಕ್ಕಳು, ನೆಲಮಂಗಲದಿಂದ ಹೆಂಡತಿಯ ಸೋದರಮಾವ, ಅವರ ಬೀಗರು, ಬೀಗರ ಪಕ್ಕದ ಮನೆಯವರು. ಉಪ್ಪಿಟ್ಟು ತಿಂದು ಕೈ ತೊಳೆಯುತ್ತಲೇ ಎಲ್ಲರದೂ ಒಂದೇ ಪ್ರಶ್ನೆ: ‘ಎಲ್ಲಪ್ಪಾ ಬರುತ್ತೆ ಏರ್‌ಪೋರ್ಟು? ಒಂದ್ಸಲ ತೋರ್ಸು ನಡಿ.’ ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆಯ ಎರಡು ತುದಿಗಳನ್ನೂ ನನ್ನ ಹೆಂಡತಿ ವಿಮಲ ಆ ವರ್ಷಗಳಲ್ಲಿ ಚೆನ್ನಾಗಿ ಅನುಭವಿಸಿದಳು.

ಇಷ್ಟಕ್ಕೂ ಅದು ಎಲ್ಲಿ ಬರುತ್ತದೆಂದು ನನಗೇನು ಗೊತ್ತಿತ್ತು? ಊರಿನಿಂದಾಚೆ ರಾಗಿ ಹೊಲಗಳ ನಡುವೆ ಸ್ವಲ್ಪ ಎತ್ತರದ ದಿಣ್ಣೆಯೊಂದಿದೆ, ಅದರ ಮೇಲೆ ಒಂದು ಹೊಂಗೆ ಮರ. ಅಲ್ಲಿಗೆ ಎಲ್ಲರನ್ನೂ ನಡೆಸಿಕೊಂಡು ಹೋಗಿ, ‘ಅಗೋ ಅಲ್ಲಿ’ ಎಂದು ಬೆರಳು ತೋರಿಸುತ್ತಿದ್ದೆ. ಬೆರಳು ಒಂದು ವಾರ ಈಶಾನ್ಯಕ್ಕೆ ಹೋದರೆ ಇನ್ನೊಂದು ವಾರ ಆಗ್ನೇಯಕ್ಕೆ ಹೋಗುತ್ತಿತ್ತು. ಯಾರೂ ಸಂಶಯಪಡಲಿಲ್ಲ. ಬೋಳು ಬಯಲನ್ನು ಅವರು ಕಣ್ತುಂಬ ನೋಡಿ, ‘ಎಷ್ಟು ದೊಡ್ಡದಾಗಿ ಬರುತ್ತೆ ನೋಡು!’ ಎಂದು ಬೆರಗಾಗುತ್ತಿದ್ದರು. ಕ್ರಮೇಣ ಆ ಹೊಂಗೆಮರದಡಿಯಲ್ಲಿ ಕಡಲೆಕಾಯಿ ಮಾರುವವಳೊಬ್ಬಳು ಬಂದು ಕೂತಳು, ಆಮೇಲೆ ಎಳನೀರಿನವನು ಬಂದ, ಆಮೇಲೆ ‘ಏರ್‌ಪೋರ್ಟ್ ಟೀ ಸ್ಟಾಲ್’ ಎಂಬ ತಗಡಿನ ಬೋರ್ಡು ಬಂತು. ಶಿವಗಂಗೆಗೆ ಹೋಗುವವನು ಬೆಟ್ಟ ಹತ್ತಿ ಬೆವರು ಸುರಿಸಿ ದೇವರನ್ನು ನೋಡುತ್ತಾನೆ; ನಮ್ಮಲ್ಲಿಗೆ ಬರುವವನು ಬೆವರಿಲ್ಲದೆ, ದೇವರೂ ಇಲ್ಲದೆ, ಬರೀ ಭವಿಷ್ಯದ ದರ್ಶನ ಮಾಡಿಕೊಂಡು ಹೋಗುತ್ತಿದ್ದ. ವಿಮಾನ ನಿಲ್ದಾಣದಿಂದ ಪ್ರವಾಸೋದ್ಯಮ ಬೆಳೆಯುತ್ತದೆ ಎಂದು ಪಂಡಿತರು ಹೇಳುತ್ತಾರೆ. ನಮ್ಮಲ್ಲಿ ನಿಲ್ದಾಣವಿಲ್ಲದೆಯೇ ಬೆಳೆಯಿತು.

ಬೆಂಗಳೂರಿನಿಂದ ವ್ಯಾನುಗಳೂ ಬರತೊಡಗಿದವು. ಬಡಾವಣೆ ಮಾಡುವ ಮಹನೀಯರು ಪಟ್ಟಣದ ಕುಟುಂಬಗಳನ್ನು ಬಿಟ್ಟಿಯಾಗಿ ಕರೆತಂದು, ಪುಳಿಯೋಗರೆ ಮೊಸರನ್ನದ ಪೊಟ್ಟಣ ಕೊಟ್ಟು, ಸುಣ್ಣ ಬಳಿದ ಕಲ್ಲುಗಳ ನಡುವೆ ಓಡಾಡಿಸಿ, ‘ಇಲ್ಲಿ ನಿಮ್ಮ ವಾರಾಂತ್ಯದ ಮನೆ, ಇಲ್ಲಿ ಈಜುಕೊಳ’ ಎಂದು ಗಾಳಿಯಲ್ಲಿ ಗೆರೆ ಎಳೆದು ತೋರಿಸುತ್ತಿದ್ದರು. ಅವರು ಹಂಚುತ್ತಿದ್ದ ಬಣ್ಣದ ಹಾಳೆಯೊಂದು ನನ್ನ ಕೈಗೂ ಸಿಕ್ಕಿತ್ತು. ಅದರಲ್ಲಿ ತೆಂಗಿನ ಮರಗಳ ಹಿಂದೆ ನೀಲಿ ಸಮುದ್ರ ಉಕ್ಕುತ್ತಿತ್ತು! ಕೆರೆ ತುಂಬಿ ಕೋಡಿ ಬಿದ್ದರೆ ನೋಡಲು ಶಾಲೆಗೆ ರಜೆ ಕೊಡುವ ತಾಲ್ಲೂಕಿನಲ್ಲಿ ಸಮುದ್ರ! ಆದರೂ ಬಂದವರು ಸಂತೋಷದಿಂದಲೇ ಇದ್ದರು. ಮಕ್ಕಳು ಬಯಲಲ್ಲಿ ಚೆಂಡಾಡುತ್ತಿದ್ದವು, ಹೆಂಗಸರು ಹೊಲದ ಬದುವಿನಲ್ಲಿ ಅವರೆಕಾಯಿ ಕೊಂಡುಕೊಳ್ಳುತ್ತಿದ್ದರು, ಗಂಡಸರು ಟವೆಲ್ ಹಾಸಿ ಮಲಗುತ್ತಿದ್ದರು. ರಜೆಯ ಮನೆಗೆ ಜಾಗ ನೋಡುವುದರಲ್ಲೇ ಅವರ ರಜೆ ಸುಖವಾಗಿ ಕಳೆಯುತ್ತಿತ್ತು. ಜಾಗ ಕೊಂಡ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಈ ಕಡೆ ತಲೆ ಹಾಕಿದ್ದನ್ನು ನಾನು ಕಾಣೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗುವುದು ಸುಲಭ. ಆದರೆ ಇಡೀ ಊರೇ ಕುಲಾವಿ ಹೊಲಿಯುತ್ತ ಕೂತಾಗ ಒಬ್ಬನೇ ನಗುತ್ತ ಕೂರಲು ಧೈರ್ಯ ಬೇಕು, ಅದು ನನಗಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ‘ಬಂತು’ ಎಂದಾಗ ಎಲ್ಲರೂ ಚೀಲ ಹಿಡಿದು ಏಳುತ್ತಾರಲ್ಲ, ಬಸ್ಸು ಬರದಿದ್ದರೂ ಮತ್ತೆ ಪೂರಾ ಕೂರುವುದಿಲ್ಲವಲ್ಲ, ಹಾಗೆ ನಮ್ಮ ತಾಲ್ಲೂಕು ಅರ್ಧ ಎದ್ದ ಭಂಗಿಯಲ್ಲೇ ವರ್ಷಗಳನ್ನು ಕಳೆಯಿತು. ಬೆಳಿಗ್ಗೆ ಪತ್ರಿಕೆ ಬಂದರೆ ನಾನು ಮೊದಲು ಹುಡುಕುತ್ತಿದ್ದುದು ವಿಮಾನ ನಿಲ್ದಾಣವನ್ನು. ಸುದ್ದಿ ಇದ್ದರೆ ಚಡಪಡಿಕೆ, ಇಲ್ಲದಿದ್ದರೆ ಇನ್ನೂ ಹೆಚ್ಚಿನ ಚಡಪಡಿಕೆ; ಹಗಲೂ ಅದೇ, ರಾತ್ರಿಯೂ ಅದೇ. ನನ್ನ ಹೆಸರಿನಲ್ಲಿ ಹಿಡಿ ಮಣ್ಣೂ ಇರಲಿಲ್ಲ, ಕೊಳ್ಳುವ ಶಕ್ತಿಯೂ ಇರಲಿಲ್ಲ. ಆದರೂ ತರಗತಿಯಲ್ಲಿ ಹಳಗನ್ನಡದ ಪದ್ಯ ಬಿಡಿಸುತ್ತ ನಡುವೆ ಕಿಟಕಿಯಾಚೆ ನೋಡಿಬಿಡುತ್ತಿದ್ದೆ. ‘ನೀವು ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ, ನಿಮ್ಮನ್ನೇ ಮೊದ್ಲು ಹಾರಿಸ್ಬೇಕು’ ಎಂದು ವಿಮಲ ಗೊಣಗುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಈ ಗದ್ದಲದಲ್ಲಿ ನಮ್ಮ ನೆಂಟರ ಪೈಕಿ ನಿಜವಾಗಿ ಜಾಗ ಕೊಂಡು ನಿಜವಾಗಿ ಮನೆಯನ್ನೂ ಕಟ್ಟಿಸಿದವರು ನಮ್ಮ ಭಾವ ನಂಜುಂಡಪ್ಪನವರು. ಅವರು ನನ್ನ ಒಬ್ಬಳೇ ಅಕ್ಕ ಸರೋಜಳ ಗಂಡ, ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ಇಟ್ಟವರು, ಸೀರೆ ನೇಯುವುದರಲ್ಲಿ ಹೆಸರು ಮಾಡಿದವರು. ಅವರ ಮನೆಯೆಂದರೆ ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ನಡುವೆ ಉದ್ದಕ್ಕೆ ಮಗ್ಗಗಳು. ಬೆಳಗಾಗುತ್ತಲೇ ಶುರುವಾಗುತ್ತಿದ್ದ ಅವುಗಳ ಟಕಾಟಕ್ ಸದ್ದಿಗೆ ಗೋಡೆಯ ಮೇಲಿನ ದೇವರ ಪಟಗಳೂ ಸಣ್ಣಗೆ ನಡುಗುತ್ತಿದ್ದವು. ಉದ್ದೆಳೆಯ ಹಾಸು ಮುಗಿಯುವವರೆಗೆ ಅಡ್ಡೆಳೆಯ ಹೊಕ್ಕು ಓಡಬೇಕು, ಹಾಸು ಮುಗಿದರೆ ಹೊಸದನ್ನು ಹೂಡಬೇಕು; ಇದರ ನಡುವೆ ರಜೆ ಎಲ್ಲಿಂದ ಬರಬೇಕು? ನೇಕಾರನಿಗೆ ರಜೆ ಕೊಡುವ ಅಧಿಕಾರ ಇದ್ದದ್ದು ವಿದ್ಯುತ್ತಿಗೆ ಮಾತ್ರ. ಕರೆಂಟು ಹೋದ ದಿನವೇ ಅವರ ಭಾನುವಾರ. ದಿನವಿಡೀ ಕರೆಂಟಿಲ್ಲ ಎಂದು ಗೊತ್ತಾದರೆ ಭಾವ ಮೋಪೆಡ್ಡಿನ ಹಿಂದೆ ಅಕ್ಕನನ್ನು ಕೂರಿಸಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಅವರು ಬಂದರೆಂದರೆ ದೊಡ್ಡಬಳ್ಳಾಪುರ ಕತ್ತಲಲ್ಲಿದೆ ಎಂದು ನಮ್ಮ ಬೀದಿಯವರೂ ತಿಳಿದುಕೊಳ್ಳುತ್ತಿದ್ದರು.

ಅವರು ಬಂದಿದ್ದಾರೆಂಬುದು ಬೀದಿಗೆ ಗೊತ್ತಾಗುತ್ತಿದ್ದುದಾದರೂ ಅಕ್ಕನ ದನಿಯಿಂದ. ‘ಏನೋ, ಹೆಂಗಿದೀಯಾ?’ ಎಂದು ಅವಳು ನನ್ನೆದುರು ನಿಂತು ಕೇಳಿದರೆ ಎದುರು ಮನೆಯವರು ‘ಚೆನ್ನಾಗಿದೀವಿ’ ಎನ್ನಬೇಕು, ಅಷ್ಟು ಜೋರು. ಮಗ್ಗದ ಮನೆಯ ಹೆಂಗಸರದೆಲ್ಲ ಅದೇ ಕಂಠ. ಆದರೆ ಅಕ್ಕ ಹಾಗೆ ಹುಟ್ಟಿದವಳಲ್ಲ. ನಮ್ಮಪ್ಪ ನೇಯ್ಗೆಯ ಕುಲಕಸುಬು ಬಿಟ್ಟು ಆವತಿಯಲ್ಲಿ ಪ್ರೈಮರಿ ಸ್ಕೂಲು ಮೇಷ್ಟರಾಗಿದ್ದವರು. ನಮ್ಮ ಮನೆಯಲ್ಲಿ ಗೋಡೆಗೆ ಆತು ಕೂತು ಪಿಸುಮಾತಿನಲ್ಲಿ ಕಥೆ ಹೇಳುತ್ತಿದ್ದ ಹುಡುಗಿ ಅವಳು. ಅಮ್ಮ ತೀರಿಹೋದ ಮೇಲೆ ನಾನು ಚಾಪೆಯ ಮೇಲೆ ಬೋರಲು ಬಿದ್ದು ಮುನಿಸಿಕೊಂಡಾಗ ನನ್ನ ಕಿವಿಯ ಹತ್ತಿರ ಬಾಯಿಟ್ಟು ಏನೇನೋ ಹೇಳಿ ಎಬ್ಬಿಸುತ್ತಿದ್ದವಳು. ಮದುವೆಯಾಗಿ ವರ್ಷ ಕಳೆಯುವಷ್ಟರಲ್ಲಿ ಆ ಸಣ್ಣ ದನಿ ಮಗ್ಗಗಳ ನಡುವೆ ಎಲ್ಲೋ ಸೇರಿಹೋಯಿತು. ನಾನು ದೊಡ್ಡಬಳ್ಳಾಪುರಕ್ಕೆ ಹೋದಾಗಲೆಲ್ಲ ಅವಳು ಗಂಟಲ ನರ ಉಬ್ಬಿಸಿ ನನ್ನನ್ನು ಊಟಕ್ಕೆ ಕರೆಯುವುದನ್ನು ನೋಡಿ, ಗಂಡ ಹೆಂಡತಿ ಇಬ್ಬರೂ ಹೀಗೆ ಅರಚಿಕೊಂಡೇ ಸಂಸಾರ ಮಾಡಬೇಕಲ್ಲ ಎಂದು ಒಳಗೊಳಗೇ ಮರುಗುತ್ತಿದ್ದೆ.

ಇಂಥ ಒಂದು ಕರೆಂಟಿಲ್ಲದ ದಿನ ನಾನು ಭಾವನನ್ನು ಹೊಂಗೆಮರದ ದಿಣ್ಣೆಗೆ ಕರೆದುಕೊಂಡು ಹೋದೆ. ಅವರಿಗೆ ಕಿವಿ ಸ್ವಲ್ಪ ಮಂದ. ನಾನು ಕೂಗಿ ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು, ಇನ್ನರ್ಧವನ್ನು ತಾವೇ ನೇಯ್ದುಕೊಂಡರು. ‘ಮೇಷ್ಟ್ರೇ, ವಿಮಾನ ಇಳಿದೋರು ಮೊದ್ಲು ಏನ್ ಮಾಡ್ತಾರೆ ಹೇಳಿ?’ ಎಂದರು. ನಾನು ಕಸ್ಟಮ್ಸು ಗಿಸ್ಟಮ್ಸು ಎಂದು ತಡವರಿಸುತ್ತಿದ್ದಂತೆ, ‘ಮಲಗ್ತಾರೆ! ಅಷ್ಟು ದೂರದಿಂದ ಕೂತ್ಕೊಂಡು ಬಂದಿರ್ತಾರೆ. ಮಲಗೋಕೆ ಮನೆ ಬೇಕಲ್ಲ? ಎದ್ದ ಮೇಲೆ ಸೀರೆ ಬೇಕಲ್ಲ?’ ಎಂದು ಗೆದ್ದವರಂತೆ ನೋಡಿದರು. ಪರದೇಶದ ಹೆಣ್ಣುಮಗಳೊಬ್ಬಳು ಮೆಟ್ಟಿಲಿಳಿದು ಬಂದು, ಭಾವನ ಮನೆಯಲ್ಲಿ ನಿದ್ದೆ ಮಾಡಿ, ಬೆಳಿಗ್ಗೆ ನಂದಿಬೆಟ್ಟಕ್ಕೆ ಹೋಗುವ ಮುನ್ನ ಜಗಲಿಯಲ್ಲಿ ಹರಡಿದ ದೊಡ್ಡಬಳ್ಳಾಪುರದ ಸೀರೆಗಳಲ್ಲಿ ನಾಲ್ಕನ್ನು ಆರಿಸಿಕೊಂಡು ಹೋಗುವ ದೃಶ್ಯವನ್ನು ಅವರು ವರ್ಣಿಸಿದ ಬಗೆಗೆ ಯಾವ ಕವಿಯಾದರೂ ತಲೆದೂಗಬೇಕಿತ್ತು. ವಿಮಾನಗಳು ಯಾವ ದಿಕ್ಕಿನಿಂದ ಬಂದು ಯಾವ ದಿಕ್ಕಿಗೆ ಹೋಗುತ್ತವೆ, ಮುಂಬಯಿ ಕಡೆಯದು ಯಾವ ಹೊಲದ ಮೇಲೆ, ಸಿಂಗಪುರದ್ದು ಯಾವ ಕೆರೆಯ ಮೇಲೆ ಎಂಬುದನ್ನೂ ಅವರೇ ತೀರ್ಮಾನಿಸಿದರು. ಕೆಲವೇ ತಿಂಗಳಲ್ಲಿ ಆ ದಾರಿಯ ಸರಿಯಾಗಿ ಕೆಳಗೆ ಒಂದು ಜಾಗ ಕೊಂಡೂಬಿಟ್ಟರು. ಬೇರೆಯವರು ಸದ್ದಾಗುತ್ತದೆಂದು ಬಿಟ್ಟ ಜಾಗ ಅದು. ಸದ್ದು ಎಂಬುದೂ ಒಂದು ದೋಷವೆಂದು ಭಾವನಿಗೆ ಹೊಳೆಯಲೇ ಇಲ್ಲ.

ಅಕ್ಕ ಇದಕ್ಕೆ ಒಪ್ಪಿದ್ದೇ ನನಗೆ ಆಶ್ಚರ್ಯ. ತನ್ನ ತೌರಿನ ಬಳೆಗಳನ್ನು ಬಿಚ್ಚಿಕೊಟ್ಟಿದ್ದಳು. ಯಾಕೆಂದು ಕೇಳಿದಾಗ ಅವಳು ಕೂಗಿಯೇ ಹೇಳಿದಳು: ‘ಮಗ್ಗ ಇಲ್ದಿರೋ ಒಂದು ಮನೆ ಬೇಕು ಕಣೋ ನಂಗೆ! ಕೂತ್ಕೊಂಡು ಮೆತ್ತಗೆ ನಾಕು ಮಾತಾಡೋ ಅಂಥ ಒಂದು ಜಾಗ!’ ಅವಳು ಮೆತ್ತಗೆ ಮಾತಾಡುವ ಆಸೆಯನ್ನು ಹೇಳಿದ ದನಿಗೆ ಹಿತ್ತಲ ಕಾಗೆಗಳು ಹಾರಿಹೋದವು. ನನಗೆ ನಗು ಬರಲಿಲ್ಲ.

ಅಲ್ಲಿಂದ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ. ಭಾವನಿಗೆ ವಿಮಾನ ಬರಬೇಕು, ಬೇಗ ಬರಬೇಕು, ಮನೆಯ ನೆತ್ತಿಯ ಮೇಲೇ ಬರಬೇಕು. ಅಕ್ಕನಿಗೆ ವಿಮಾನ ಬರಕೂಡದು, ಬಂದರೂ ಬೇರೆ ಊರಿಗೆ ಬರಬೇಕು. ಇಬ್ಬರೂ ಘಾಟಿ ಸುಬ್ರಹ್ಮಣ್ಯನಿಗೇ ಹರಕೆ ಹೊತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿದ್ದ ಈ ಎರಡು ಪ್ರಾರ್ಥನೆಗಳ ನಡುವೆ ದೇವರು ಏನು ಮಾಡಿದನೆಂದರೆ, ಸರ್ಕಾರ ಏನು ಮಾಡುತ್ತಿತ್ತೋ ಅದನ್ನೇ ಮಾಡಿದ: ಕಡತವನ್ನು ಪಕ್ಕಕ್ಕಿಟ್ಟ. ನಾನು ದೇವನಹಳ್ಳಿಯಲ್ಲೇ ಇರುವವನಾದ್ದರಿಂದ ವಿಮಾನದ ಸಮಾಚಾರ ನನಗೆ ಖಚಿತವಾಗಿ ಗೊತ್ತಿರುತ್ತದೆಂದು ಇಬ್ಬರೂ ನಂಬಿದ್ದರು. ‘ಬರೋ ಹಂಗಿದೆ ಭಾವ’ ಎಂದು ಅತ್ತ, ‘ಬರೋ ಲಕ್ಷಣ ಇಲ್ಲ ಅಕ್ಕ’ ಎಂದು ಇತ್ತ ಹೇಳಿಕೊಂಡು ದಿನ ದೂಡಿದೆ. ವಿಚಾರ ಮಾಡಿದರೆ ಎರಡೂ ನಿಜವೇ ಆಗಿದ್ದವು.

ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಕಟ್ಟುತ್ತಿರುವಾಗಲೂ ಸ್ವಲ್ಪ ನೋಡು ಎಂದು ಅವರು ಸೇರಿಸಬೇಕಾಗಿತ್ತು. ಭಾವನಿಗೆ ಮಗ್ಗ ಬಿಟ್ಟು ಬರಲಾಗದ ಕಾರಣ ಮೇಲ್ವಿಚಾರಣೆಯ ಹೊಣೆ ನನ್ನ ಮೇಲೆ ಬಿತ್ತು. ಅವರು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿ ಹೋಗಿದ್ದರು. ನಾನು ಸಂಜೆ ಕಾಲೇಜು ಬಿಟ್ಟು ಹೋಗಿ, ಸಿಮೆಂಟಿನ ಮೂಟೆಯ ಮೇಲೆ ಕೂತು, ಎಲ್ಲ ಅರ್ಥವಾದವನಂತೆ ತಲೆಯಾಡಿಸಿ ಬರುತ್ತಿದ್ದೆ. ಗೋಡೆ ಆಳೆತ್ತರ ದಾಟಿದ ಮೇಲೆ ಮೇಸ್ತ್ರಿ ಮುನಿಯಪ್ಪ ತಲೆ ಕೆರೆದುಕೊಂಡು ಬಂದ. ‘ಸ್ವಾಮಿ, ಒಂದ್ ಮಾತು. ಅಡುಗೆಮನೆ ಎಲ್ಲಿ ಇಡ್ಲಿ? ಯಜಮಾನ್ರು ಹೇಳೇ ಇಲ್ಲ.’ ಆಗ ನಾನು ಮೊದಲ ಸಲ ಆ ಕಟ್ಟಡವನ್ನು ಕಣ್ಣುಬಿಟ್ಟು ನೋಡಿದೆ. ಉದ್ದಕ್ಕೆ ಒಂದೇ ಹಾಲು. ನಡುವೆ ಕಂಬವಿಲ್ಲ, ಅಡ್ಡಗೋಡೆಯಿಲ್ಲ. ಕಿಟಕಿಗಳೆಲ್ಲ ತಲೆಗಿಂತ ಎತ್ತರದಲ್ಲಿ, ಬೆಳಕು ಮೇಲಿನಿಂದ ನೆಲಕ್ಕೆ ಬೀಳುವಂತೆ. ಗೋಡೆಯಲ್ಲಿ ದಪ್ಪ ತಂತಿಗೆ ಕೊಳವೆ, ಯಂತ್ರ ನಡೆಸುವಂಥ ಮೂರು ಫೇಸಿನ ಮೀಟರಿಗೆ ಗೂಡು. ಬಾಗಿಲು ಮಾತ್ರ ಎರಡೆತ್ತಿನ ಗಾಡಿ ಹೋಗುವಷ್ಟು ಅಗಲ.

ಭಾವ ರಜೆಯ ಮನೆ ಎಂದುಕೊಂಡು ಮಗ್ಗದ ಷೆಡ್ಡು ಕಟ್ಟಿಸುತ್ತಿದ್ದರು. ಬೇಕೆಂದೇ ಮಾಡಿದ್ದಲ್ಲ. ‘ಮನೆ’ ಎಂದು ಕಣ್ಣು ಮುಚ್ಚಿದರೆ ಅವರಿಗೆ ಕಾಣುತ್ತಿದ್ದುದು ಅದೊಂದೇ ಆಕಾರ. ಮಗ್ಗ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಗೊತ್ತು ಮಾಡಿ, ಮಿಕ್ಕ ಜಾಗದಲ್ಲಿ ಮನುಷ್ಯರನ್ನು ಸೇರಿಸುವುದೇ ಅವರು ಕಂಡ ವಾಸ್ತುಶಾಸ್ತ್ರ. ನಾನು ಹೇಳಿಕಳಿಸಿದಾಗ ಓಡಿಬಂದು ನೋಡಿ ಅವರೂ ಪೆಚ್ಚಾದರು. ‘ಅದ್ಸರಿ, ವಿಮಾನದೋರು ಕಿಟಕೀಲಿ ನೋಡೋದೇನಿದೆ, ಮೇಲಿಂದ ಎಲ್ಲಾ ನೋಡ್ಕೊಂಡೇ ಬಂದಿರ್ತಾರಲ್ಲ’ ಎಂದು ಸಮಾಧಾನ ಹೇಳಿದರು. ಅಕ್ಕ ಒಂದು ಗೋಡೆಯ ಹತ್ತಿರ ಹೋಗಿ, ತನ್ನ ಎದೆಯ ಮಟ್ಟಕ್ಕೆ ಕೈಯಿಟ್ಟು ಮೇಸ್ತ್ರಿಗೆ ಗುರುತು ತೋರಿಸಿದಳು. ಅಲ್ಲೊಂದು ಕಿಟಕಿ ಕೆಳಗಿಳಿಯಿತು. ಮೂಲೆಯಲ್ಲಿ ಅಡುಗೆಗೆ ಒಂದು ಕಟ್ಟೆ ಹುಟ್ಟಿತು. ಹಾಗೆ ಆ ಷೆಡ್ಡು ಮನೆಯಾಯಿತು.

ಗೃಹಪ್ರವೇಶವಾದ ಮೇಲೆ ಕರೆಂಟಿಲ್ಲದ ದಿನಗಳಲ್ಲಿ ಗಂಡ ಹೆಂಡತಿ ಅಲ್ಲಿಗೇ ಬರತೊಡಗಿದರು. ಭಾವ ಊಟ ಮಾಡಿ, ಚಾಪೆ ಹಾಸಿ, ‘ಇನ್ನು ಸುಖವಾಗಿ ಮಲಗ್ತೀನಿ’ ಎಂದು ಘೋಷಿಸಿ ಕಣ್ಣು ಮುಚ್ಚುತ್ತಿದ್ದರು. ಮುಚ್ಚಿದ ಕಣ್ಣು ತೆರೆಯುತ್ತಿತ್ತು. ಮಗ್ಗುಲು ಬದಲಾಗುತ್ತಿತ್ತು. ಎದ್ದು ಕೂರುವುದು, ಹಾಲಿನ ಈ ತುದಿಯಿಂದ ಆ ತುದಿಗೆ ನಡೆಯುವುದು, ಬಾಗಿಲಾಚೆ ಇಣುಕುವುದು. ಮಗ್ಗದ ಮನೆಯವರು ಸದ್ದಿನಲ್ಲಿ ಮಗುವಿನಂತೆ ಮಲಗುತ್ತಾರೆ, ಮಗ್ಗ ನಿಂತರೆ ಏನೋ ಆಯಿತೆಂದು ಎಚ್ಚರಗೊಳ್ಳುತ್ತಾರೆ. ಭಾವನಿಗೆ ಆ ಮನೆಯಲ್ಲಿ ಹೊತ್ತೆಲ್ಲ ಏನೋ ಆದಂತೆಯೇ ಇರುತ್ತಿತ್ತು. ‘ಇದೇನ್ ಮೇಷ್ಟ್ರೇ, ಇಷ್ಟು ಗುಂಯ್ ಅನ್ನುತ್ತೆ!’ ಎಂದು ಕಿವಿ ತಿಕ್ಕಿಕೊಂಡು, ನಾಲ್ಕು ಗಂಟೆಯ ಹೊತ್ತಿಗೆ ಏನಾದರೊಂದು ನೆಪ ಹೇಳಿ ದೊಡ್ಡಬಳ್ಳಾಪುರಕ್ಕೆ ಹೊರಟೇಬಿಡುತ್ತಿದ್ದರು. ವಿಶ್ರಾಂತಿಗೆಂದು ಮನೆ ಕಟ್ಟಿಸಿದವರಿಗೆ ವಿಶ್ರಾಂತಿ ಅಭ್ಯಾಸವಿರುವುದಿಲ್ಲ. ಬೆಂಗಳೂರಿನಿಂದ ಬಂದು ಅಕ್ಕಪಕ್ಕದಲ್ಲಿ ಜಾಗ ಮಾಡಿದವರ ಕಥೆಯೂ ಇದೇ ಇದ್ದೀತೆಂದು ನನ್ನ ಊಹೆ.

ಭಾವ ಹೋದ ಮೇಲೆ ಅಕ್ಕ ಕೊನೆಯ ಬಸ್ಸಿನವರೆಗೆ ಒಬ್ಬಳೇ ಇರುತ್ತಿದ್ದಳು. ಒಂದು ದಿನ ನಾನು ಕಾಲೇಜಿನಿಂದ ಹಾಗೆಯೇ ಅಲ್ಲಿಗೆ ಹೋದೆ. ಅವಳು ಕೆಳಗಿಳಿಸಿದ ಕಿಟಕಿಯ ಹತ್ತಿರ ಚಕ್ಕೋತ ಹಣ್ಣು ಬಿಡಿಸುತ್ತ ಕೂತಿದ್ದಳು. ನನ್ನನ್ನು ನೋಡಿ ‘ಬಾರೋ’ ಎಂದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆ ದನಿ ನಮ್ಮ ಅಮ್ಮನದು. ಅಮ್ಮ ಸತ್ತು ಎಷ್ಟೋ ವರ್ಷವಾಗಿ, ಅವಳ ಮುಖವನ್ನೇ ಪಟದಲ್ಲಿ ನೋಡಿ ನೆನಪು ಮಾಡಿಕೊಳ್ಳಬೇಕಾದಂಥ ನನಗೆ, ಅವಳ ದನಿ ಇಷ್ಟು ಕಾಲ ದೊಡ್ಡಬಳ್ಳಾಪುರದ ಸದ್ದಿನಡಿಯಲ್ಲಿ ಹೂತುಕೊಂಡಿತ್ತೆಂದು ಯಾರು ಹೇಳಿದ್ದರು? ಅಕ್ಕ ತೊಳೆ ಬಿಡಿಸಿ ನನ್ನ ಕೈಗೆ ಕೊಟ್ಟಳು. ಹಣ್ಣು ಸ್ವಲ್ಪ ಕಹಿ ಎಂದಳು. ನಾನು ಹೌದು ಎಂದೆ. ಅಂದಿನಿಂದ ವಿಮಾನ ಬಾರದಿರಲಿ ಎಂಬ ಹರಕೆಗೆ ನಾನೂ ಪಾಲುದಾರನಾದೆ.

ಆದರೆ ತೊಂಬತ್ತರ ದಶಕದ ಕೊನೆಗೆ ಮತ್ತೆ ಗಾಳಿ ಎದ್ದಿತು. ಈ ಸಲ ಬಂದೇ ಬರುತ್ತದಂತೆ, ಬರೆದುಕೊಳ್ಳಿ ಎಂದು ಟೀ ಸ್ಟಾಲಿನವನು ಹೇಳತೊಡಗಿದ. ಪಾರ್ಥೇನಿಯಂ ಬೆಳೆದು ಮುಚ್ಚಿಹೋಗಿದ್ದ ಸುಣ್ಣದ ಕಲ್ಲುಗಳಿಗೆ ಹೊಸ ಸುಣ್ಣ ಬಿತ್ತು. ಹೀಗಿರುತ್ತ ಒಂದು ಬೆಳಿಗ್ಗೆ, ಭಾವ ಅಕ್ಕ ಇಬ್ಬರೂ ಬಂದಿದ್ದಾಗ, ನಾನೂ ಅಲ್ಲೇ ಇದ್ದಾಗ, ಬೆಂಗಳೂರಿನ ಗೃಹಸ್ಥರೊಬ್ಬರು ಕಾರಿನಲ್ಲಿ ಬಂದಿಳಿದರು. ಸಫಾರಿ ಸೂಟು, ಕೈಯಲ್ಲಿ ಬ್ರೀಫ್‌ಕೇಸು. ಒಳಗೆ ಬಂದು ಹಾಲಿನ ಉದ್ದಗಲ ನೋಡಿ, ಮೀಟರಿನ ಗೂಡು ನೋಡಿ, ಬಾಗಿಲಿನ ಅಗಲ ನೋಡಿ ಅವರ ಕಣ್ಣರಳಿತು. ‘ಯಜಮಾನ್ರೇ, ಈ ಸುತ್ತಿನಲ್ಲಿ ಎಲ್ಲರೂ ಬಂಗಲೆ ಕಟ್ಟೋರೇ. ಬಂಗಲೆ ಯಾರಿಗೆ ಬೇಕು? ವಿಮಾನ ಬಂದ್ರೆ ಸರಕು ಬರುತ್ತೆ, ಸರಕಿಗೆ ಗೋಡೌನ್ ಬೇಕು. ಇಂಥ ಷೆಡ್ಡು ನೋಡೇ ಇಲ್ಲ ನಾನು!’ ಎಂದರು. ಹತ್ತು ಮೈಲಿ ಸುತ್ತಿನಲ್ಲಿ ರಜೆಯ ಮನೆ ಕಟ್ಟಿದವರಲ್ಲಿ ತಪ್ಪು ಮಾಡಿದವರು ಒಬ್ಬರೇ, ಲಾಭದ ಬಾಗಿಲು ತೆರೆದದ್ದೂ ಅವರೊಬ್ಬರಿಗೇ. ಹೂಡಿಕೆಯ ಶಾಸ್ತ್ರ ಬರೆಯುವವರು ಇದನ್ನು ಎಲ್ಲಿ ಸೇರಿಸುತ್ತಾರೋ ತಿಳಿಯದು.

ಭಾವನ ಮುಖ ಹಬ್ಬದ ದಿನದ ದೀಪದಂತಾಯಿತು. ‘ನಾನ್ ಹೇಳ್ಲಿಲ್ವ ಮೇಷ್ಟ್ರೇ?’ ಎಂದರು. ಅವರು ಏನನ್ನು ಹೇಳಿದ್ದರೋ ನನಗೆ ನೆನಪಾಗಲಿಲ್ಲ. ಗೃಹಸ್ಥರು ಕೊಡುವೆನೆಂದ ಬೆಲೆಯಲ್ಲಿ ದೊಡ್ಡಬಳ್ಳಾಪುರದ ಹಿತ್ತಲನ್ನೂ ಮುಚ್ಚಿ ಇನ್ನೊಂದು ಸಾಲು ಹೊಸ ಮಗ್ಗ ಹಾಕಬಹುದೆಂದು ಅವರು ಅಲ್ಲೇ ಗಟ್ಟಿಯಾಗಿ ಯೋಚಿಸತೊಡಗಿದರು. ಆ ಹಿತ್ತಲಲ್ಲಿ ಅಕ್ಕನ ತುಳಸಿಕಟ್ಟೆ ಇತ್ತು, ಬಟ್ಟೆ ಒಗೆಯುವ ಕಲ್ಲಿತ್ತು. ಆ ಮನೆಯಲ್ಲಿ ಸದ್ದು ಸ್ವಲ್ಪ ಕಡಿಮೆ ಇದ್ದದ್ದು ಅಲ್ಲೇ. ಇಲ್ಲಿಯದೂ ಹೋಗಿ ಅಲ್ಲಿಯದೂ ಹೋದರೆ ಅವಳಿಗೆ ಉಳಿಯುವುದೇನು? ನಾನು ಅಕ್ಕನ ಕಡೆ ನೋಡಿದೆ. ಅವಳು ಮಜ್ಜಿಗೆಯ ಲೋಟಗಳ ತಟ್ಟೆ ಹಿಡಿದು ಕಿಟಕಿಯ ಪಕ್ಕ ನಿಂತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಬೇಕಾದ್ದಕ್ಕೂ ಬೇಡದ್ದಕ್ಕೂ ಕೂಗಿದವಳು ಈಗೇಕೆ ಸುಮ್ಮನಿದ್ದಾಳೆ? ಕೂಗಬಾರದೆ? ಬೇಡ ಎಂದು ಒಂದು ಸಲ ಬೀದಿಗೆಲ್ಲ ಕೇಳುವಂತೆ ಕಿರುಚಬಾರದೆ? ಅವಳ ಪರವಾಗಿ ನಾನೇ ಹೇಳೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಭಾವ ಮಜ್ಜಿಗೆಗೆ ಕೈ ಚಾಚಿದವರು ಅಕ್ಕನ ಮುಖ ನೋಡಿದರು. ಚಾಚಿದ ಕೈ ಹಾಗೇ ನಿಂತಿತು. ಏನೋ ಕೇಳುವವರಂತೆ ಹುಬ್ಬೇರಿಸಿದರು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದು, ಲೋಟ ತೆಗೆದುಕೊಂಡು, ಗೃಹಸ್ಥರ ಕಡೆ ತಿರುಗಿ, ‘ಇಲ್ಲ ಸ್ವಾಮಿ, ಕೊಡೋಕಾಗಲ್ಲ. ನಮ್ಮನೆಯೋರು ಬೇಡ ಅಂತಿದಾರೆ’ ಎಂದರು.

‘ಅವ್ರು ಮಾತೇ ಆಡ್ಲಿಲ್ವಲ್ಲ ಯಜಮಾನ್ರೇ!’

‘ಆಡಿದ್ರಲ್ಲ’ ಎಂದರು ಭಾವ. ‘ಎರಡು ಸಲ ಅಂದ್ರು.’

ಗೃಹಸ್ಥರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇದು ಬೆಲೆ ಏರಿಸುವ ಹೂಟವೆಂದು ತಿಳಿದು ಅವರು ಇನ್ನೂ ಸ್ವಲ್ಪ ಮೇಲೆ ಹೋದರು, ಮತ್ತೂ ಹೋದರು, ಕೊನೆಗೆ ಮಜ್ಜಿಗೆ ಕುಡಿದು ಹೊರಟರು. ಕಾರು ಹೋದ ಮೇಲೆ ನಾನು ಭಾವನ ಹತ್ತಿರ ಹೋಗಿ, ‘ಅಕ್ಕ ಯಾವಾಗ ಅಂದ್ಲು? ನಾನು ಇಲ್ಲೇ ಇದ್ನಲ್ಲ!’ ಎಂದು ಕೂಗಿ ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

‘ಮಗ್ಗದ ಮನೇಲಿ ಕಿವಿ ಕಟ್ಕೊಂಡು ಏನ್ ಮಾಡ್ತೀರಿ ಮೇಷ್ಟ್ರೇ? ತುಟಿ ಆಡೋದು ಕಂಡ್ರೆ ಸಾಕು. ಮದುವೆ ಆದಾಗಿಂದ ನಾವು ಹಂಗೇ ಮಾತಾಡೋದು. ಕೂಗೋದೆಲ್ಲಾ ನಿಮ್ಮಂಥೋರು ಬಂದಾಗ. ನಿಮಗೆ ತುಟಿ ಓದೋಕ್ ಬರಲ್ವಲ್ಲ, ಪಾಪ’ ಎಂದರು.

ಭಾವ ಎಂದಿನಂತೆ ಅಕ್ಕನನ್ನು ಬಿಟ್ಟು ಮೋಪೆಡ್ಡು ಹತ್ತಿ ಹೋದರು. ಆ ನಿಶ್ಶಬ್ದದಲ್ಲಿ ಅವರು ಅಷ್ಟು ಹೊತ್ತು ಇದ್ದದ್ದೇ ದೊಡ್ಡದು. ನಾನು ಷೆಡ್ಡಿನ ನಡುವೆ ಪೆದ್ದನಂತೆ ನಿಂತಿದ್ದೆ. ಗಂಡನ ಜೊತೆ ಮಾತಾಡಲು ಅಕ್ಕನಿಗೆ ಬೇರೆ ಮನೆ ಬೇಕಾಗಿಯೇ ಇರಲಿಲ್ಲ. ಆ ಗದ್ದಲದ ನಡುವೆ ಅವರಿಬ್ಬರೂ ಸದ್ದೇ ಇಲ್ಲದೆ ಸಂಸಾರ ಮಾಡಿಕೊಂಡು ಬಂದಿದ್ದರು, ನಾನು ಮರುಗಿದ್ದೆಲ್ಲ ದಂಡ. ಅವಳು ಬಳೆ ಬಿಚ್ಚಿಕೊಟ್ಟದ್ದು ತುಟಿ ಓದಲು ಬಾರದವನೊಬ್ಬನಿಗಾಗಿ. ವಿಮಾನ ಬರುತ್ತದೆ, ಬರುವುದಿಲ್ಲ ಎಂದು ದಶಕವಿಡೀ ಅತ್ತಿಂದಿತ್ತ ಓಡಾಡಿಕೊಂಡಿದ್ದ ತನ್ನ ತಮ್ಮನಿಗಾಗಿ.

ಅಕ್ಕ ಚಾಪೆ ಕೊಡವಿ ಹಾಸಿ, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು. ಕೂತೆ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

‘ಕಣ್ಣು ಗುಳಿ ಬಿದ್ದಿದೆಯಲ್ಲೋ’ ಎಂದಳು, ಅಮ್ಮನ ಆ ಸಣ್ಣ ದನಿಯಲ್ಲಿ. ‘ನಿದ್ದೆ ಬರುತ್ತೇನೋ ನಿಂಗೆ?’

ಇಂಥ ಮಾತನ್ನು ಕೂಗಿ ಕೇಳಲಾಗುವುದಿಲ್ಲ. ಅದಕ್ಕೇ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

‘ಇಲ್ಲ ಅಕ್ಕ, ಬರಲ್ಲ’ ಎಂದೆ. ನನ್ನ ದನಿಯೂ ಅವಳದರಷ್ಟೇ ಸಣ್ಣದಾಗಿತ್ತು.